ಉತ್ತರಕ್ಕೆ ಹರಿಯುವ ನದಿ

ಆ ಶಾಲೆಯಲ್ಲಿ ಭೂಗೋಳದ ಟೀಚರಿಗೆ ಸಿಗುತ್ತಿದ್ದದ್ದು ಪ್ರತಿ ತರಗತಿಗೆ ವಾರಕ್ಕೊಂದು ಪೀರಿಯಡ್ಡು. ಅದೂ ಊಟವಾದ ಮೇಲಿನದು, ಮಕ್ಕಳ ಕಣ್ಣು ತಾನಾಗಿಯೇ ಎಳೆಯುವ ಹೊತ್ತಿನದು. ಅದಕ್ಕೂ ಗಣಿತದ ಮೇಷ್ಟ್ರು ಕಣ್ಣು ಹಾಕಿದ್ದರು. ಅವರದೇನೂ ಜಬರದಸ್ತಿ ಇರಲಿಲ್ಲ, ಪಾಪ. "ಮೇಡಂ, ಇವತ್ತು ನಿಮ್ಮದೇನೂ ಅರ್ಜೆಂಟ್ ಇಲ್ಲ ಅಲ್ವಾ?" ಎಂದು ಬಾಗಿಲಲ್ಲಿ ಚಾಕ್‌ಪೀಸ್ ಹಿಡಿದು ನಗುತ್ತಾ ನಿಲ್ಲುತ್ತಿದ್ದರು. ಭೂಗೋಳಕ್ಕೆ ಅರ್ಜೆಂಟ್ ಎಲ್ಲಿಂದ ಬರಬೇಕು? ಬೆಟ್ಟಗಳು ಇದ್ದಲ್ಲೇ ಇರುತ್ತವೆ. ಟೀಚರು ತಮ್ಮ ಕೋಲನ್ನು ಕಂಕುಳಲ್ಲಿ ಇಟ್ಟುಕೊಂಡು ಸ್ಟಾಫ್ ರೂಮಿಗೆ ಹೋಗಿಬಿಡುತ್ತಿದ್ದರು.

ಮೊದಲು ಹೀಗಿರಲಿಲ್ಲ. ಅವರು ಕೆಲಸಕ್ಕೆ ಸೇರಿದ ಕಾಲಕ್ಕೆ ಭೂಗೋಳಕ್ಕೆಂದೇ ಒಂದು ಕೋಣೆ ಇತ್ತು, ಗೋಡೆ ತುಂಬ ನಕ್ಷೆಗಳಿದ್ದವು. ಪರೀಕ್ಷೆಯಲ್ಲಿ ನಕ್ಷೆಯ ಪ್ರಶ್ನೆಯನ್ನು "ಬೇಕಾದವರು ಬರೆಯಬಹುದು" ಎಂದು ಮಾಡಿದರು ನೋಡಿ, ಆವತ್ತಿನಿಂದ ಅದು ಯಾರಿಗೂ ಬೇಡವಾಯಿತು. ಕೋಣೆ ಕಂಪ್ಯೂಟರ್ ಪಾಲಾಯಿತು. ಹುದ್ದೆಗಳನ್ನು ಕಡಿಮೆ ಮಾಡಿ, ಉಳಿದವರನ್ನು ಎಲ್ಲೆಲ್ಲಿಗೋ ವರ್ಗ ಮಾಡಿದರು. ಹಾಗೆ ಅವರು ಅಣೆಕಟ್ಟಿನ ಹಿನ್ನೀರಿನ ದಡದ ಈ ಪೇಟೆಗೆ ಬಂದು ಬಿದ್ದಿದ್ದರು. ಇಲ್ಲಿ ಭೂಗೋಳದ ಆಸ್ತಿಯೆಂದರೆ ಒಂದು ಗೋಳ ಮಾತ್ರ. ಅದು ಹೆಡ್‌ಮೇಷ್ಟ್ರ ಮೇಜಿನ ಮೇಲಿತ್ತು, ಅವರು ಬಿಸಿಲಿನಿಂದ ಬಂದವರೇ ತಮ್ಮ ಟೋಪಿಯನ್ನು ಉತ್ತರ ಧ್ರುವದ ಮೇಲೆ ಇಡುತ್ತಿದ್ದರು.

ಮಕ್ಕಳು ಅವರನ್ನು "ದಿಕ್ಕಿನ ಟೀಚರು" ಎಂದು ಕರೆಯುತ್ತಿದ್ದರು. ಯಾರನ್ನು ಕಂಡರೂ ದಿಕ್ಕು ಕೇಳುವ ಚಾಳಿ ಅವರದು. ಕಾರಿಡಾರಿನಲ್ಲಿ ಓಡುವ ಹುಡುಗನನ್ನು ತಡೆದು, "ಎತ್ತ ಕಡೆ ಓಡ್ತಿದೀಯಪ್ಪ, ಪೂರ್ವಕ್ಕೋ ಪಶ್ಚಿಮಕ್ಕೋ?" ಎಂದು ಕೇಳಿದರೆ ಅವನು ಬೆಬ್ಬೆಬ್ಬೆ ಎನ್ನುತ್ತಾ, "ಕ್ಯಾಂಟೀನಿಗೆ ಟೀಚರ್" ಎನ್ನುತ್ತಿದ್ದ. ಉತ್ತರ ದಿಕ್ಕನ್ನು ಕಂಡುಹಿಡಿಯುವುದು ಹೇಗೆ ಎಂಬ ಪ್ರಶ್ನೆಗೆ ಒಬ್ಬಳು "ಫೋನಿಗೆ ಚಾರ್ಜ್ ಇರಬೇಕು" ಎಂದು ಬರೆದಿದ್ದಳು. ಟೀಚರು ನಕ್ಕು ನಕ್ಕು ಸುಸ್ತಾಗಿ ಆಮೇಲೆ ಅರ್ಧ ಅಂಕ ಕೊಟ್ಟಿದ್ದರು. ಸುಳ್ಳೇನೂ ಹೇಳಿರಲಿಲ್ಲವಲ್ಲ ಹುಡುಗಿ.

ಪರರ ಮಕ್ಕಳ ಮಾತು ಬಿಡಿ, ಸ್ವಂತ ಮಗಳೇ ಹಾಗೆ ಬೆಳೆದಿದ್ದಳು. ಬುದ್ಧಿವಂತೆ, ಲೆಕ್ಕದಲ್ಲಿ ಪಟಪಟ, ಎಲ್ಲದರಲ್ಲೂ ಮೊದಲು. ಭೂಗೋಳ ಮಾತ್ರ ಅವಳಿಗೆ ಅಮ್ಮನ ಹಳೆಯ ಸ್ವೆಟರಿನ ಹಾಗೆ, ಗೌರವ ಇತ್ತು, ಉಪಯೋಗ ಇರಲಿಲ್ಲ. ಓದು ಮುಗಿಸಿ ದೂರದ ದೊಡ್ಡ ನಗರದಲ್ಲಿ ಮುನ್ನೆಚ್ಚರಿಕೆ ಕಚೇರಿಗೆ ಕೆಲಸಕ್ಕೆ ಸೇರಿಕೊಂಡಳು. ಎಲ್ಲಾದರೂ ಬಿರುಗಾಳಿ ಬಂದರೆ, ಅಣೆಕಟ್ಟಿನಿಂದ ನೀರು ಬಿಟ್ಟರೆ, ಆ ಭಾಗದವರ ಫೋನಿಗೆಲ್ಲ ಒಮ್ಮೆಗೇ ಎಚ್ಚರಿಕೆ ಕಳಿಸುವ ಕಚೇರಿ ಅದು. "ಹಾಗಾದ್ರೆ ಭೂಗೋಳ ಬೇಕಾಯ್ತಲ್ಲ" ಎಂದು ಟೀಚರು ಒಳಗೊಳಗೇ ಬೀಗಿ ಕೇಳಿದ್ದರು.

"ಬೇಕಾಗಲ್ಲ ಅಮ್ಮ," ಎಂದಿದ್ದಳು ಮಗಳು. "ಸ್ಕ್ರೀನ್ ಮೇಲೆ ಊರುಗಳೆಲ್ಲ ಚುಕ್ಕಿ ಚುಕ್ಕಿ ಬರುತ್ತೆ. ನಾವು ಬೆರಳಲ್ಲಿ ಸುತ್ತ ಒಂದು ಗೆರೆ ಎಳೆದ್ರೆ ಆಯ್ತು. ಗೆರೆ ಒಳಗಿರೋರ ಫೋನೆಲ್ಲ ಕಿರುಚುತ್ತೆ."

ಮಗಳಿಗೆ ಕೆಲಸ ಸಿಕ್ಕ ಖುಷಿಯಲ್ಲಿ ಇದೊಂದು ಮಾತನ್ನು ಹೊಟ್ಟೆಗೆ ಹಾಕಿಕೊಳ್ಳುವುದು ಟೀಚರಿಗೆ ಅಂಥ ಕಷ್ಟವೇನೂ ಆಗಿರಲಿಲ್ಲ.

ಆ ದಿನ ಊಟದ ಬಿಡುವಿನಲ್ಲಿ ತಮ್ಮನ ಫೋನು ಬಂತು. ತಮ್ಮ ಇರುವುದು ಅಣೆಕಟ್ಟಿನ ಆಚೆ, ನದಿ ಗುಡ್ಡವನ್ನು ಬಳಸಿ ತಿರುಗುವ ಕಡೆ. ಜಮಖಾನ ಒಗೆಯುವುದು ಅವನ ಕಸುಬು. ಹೋಟೆಲು, ಸಭಾಂಗಣ, ನಾಟಕಶಾಲೆಗಳ ಭಾರಿ ಜಮಖಾನಗಳು ಗಾಡಿಯಲ್ಲಿ ಬರುತ್ತಿದ್ದವು. ಮಷಿನಿಗೆ ಹಾಕಿದರೆ ಬಣ್ಣ ಕೆಡುತ್ತದೆ, ಹರಿಯುವ ನೀರೇ ಆಗಬೇಕು. ಹೊಳೆಯ ನಡುವಿನ ಮರಳುದಿಬ್ಬದ ಮೇಲೆ ಅವನ್ನು ಹಾಸಿ, ಮರದ ಹಲಗೆಯಿಂದ ಉಜ್ಜಿ ಉಜ್ಜಿ ಕೊಳೆ ತೆಗೆದು, ಅಲ್ಲೇ ಒಣಗಿಸುತ್ತಿದ್ದ. ಒಂದು ಫೋನು ನೀರುಪಾಲಾದ ಮೇಲೆ ಬುದ್ಧಿ ಕಲಿತು, ಈಗ ಹೊಳೆಗೆ ಇಳಿಯುವ ಮುಂಚೆ ಅದನ್ನು ಅಂಗಿಯ ಜೇಬಿನಲ್ಲಿಟ್ಟು, ಅಂಗಿಯನ್ನು ದಡದ ಗೂಟಕ್ಕೆ ನೇತುಹಾಕಿ ಹೋಗುತ್ತಿದ್ದ.

"ಅಕ್ಕ, ಊಟ ಆಯ್ತಾ?"

"ಆಯ್ತು. ನಿಂದು?"

"ಇನ್ನೂ ಇಲ್ಲ. ನಾಟಕದೋರ ಜಮಖಾನ ಬಂದಿದೆ, ಅದನ್ನ ಮುಗಿಸಿಯೇ ಊಟ. ಏನು ಕೊಳೆ ಮಾರಾಯ್ತಿ, ಅದರ ಮೇಲೆ ಯಾವ ರಾಜನನ್ನ ಕೊಂದ್ರೋ ಏನೋ. ಇವತ್ತು ನೀರು ಎಷ್ಟು ತಿಳಿಯಾಗಿದೆ ಗೊತ್ತಾ, ಮೊಣಕಾಲಿಗೂ ಬರಲ್ಲ. ಬಿಸಿಲೂ ಹೊಡೀತಿದೆ. ನಿನ್ನ ಮಗಳು ಏನಂತಾಳೆ?"

"ದೊಡ್ಡ ಆಫೀಸರ್ ಆಗಿದಾಳೆ. ನಮ್ಮ ಫೋನ್ ಎತ್ತಕ್ಕೂ ಪುರುಸೊತ್ತಿಲ್ಲ."

"ನನಗೆ ದಿನಾ ಮೆಸೇಜ್ ಮಾಡ್ತಾಳಪ್ಪ. ಮಾವ ಅಂದ್ರೆ ಮಾವ. ಸೈಕಲ್ ಕಲಿಸಿದ್ದು ನೀನಾ ನಾನಾ?" ಎಂದು ಛೇಡಿಸಿ, "ಸರಿ, ಇಳೀತೀನಿ ಈಗ" ಎಂದು ಫೋನಿಟ್ಟ.

ಟೀಚರು ಒಂಬತ್ತನೇ ತರಗತಿಗೆ ಹೋದರು. ಗಣಿತದ ಮೇಷ್ಟ್ರು ಆಗಲೇ ಬೋರ್ಡಿನ ಅರ್ಧ ತುಂಬಿಸಿದ್ದರು. ಟೀಚರು ಕೋಲು ಕಂಕುಳಿಗೆ ಸಿಕ್ಕಿಸಿಕೊಂಡು ತಿರುಗುವಷ್ಟರಲ್ಲಿ ಫೋನುಗಳು ಕಿರುಚಿದವು. ಅವರದು, ಮೇಷ್ಟ್ರದು, ಪಕ್ಕದ ಕೋಣೆಯವರದು, ಆಫೀಸಿನದು, ಬೀದಿಯ ಅಂಗಡಿಗಳದು, ಎಲ್ಲ ಒಟ್ಟಿಗೆ, ಆಂಬುಲೆನ್ಸಿನ ಹಾಗೆ. ಬ್ಯಾಗಿನ ತಳದಲ್ಲಿ ಮಕ್ಕಳು ಬಚ್ಚಿಟ್ಟಿದ್ದ ಫೋನುಗಳೂ ಗುಟ್ಟು ಬಿಟ್ಟುಕೊಟ್ಟವು.

"ನಿಮ್ಮ ಪ್ರದೇಶಕ್ಕೆ ಎಚ್ಚರಿಕೆ. ಅಣೆಕಟ್ಟಿನ ಬಾಗಿಲುಗಳನ್ನು ತೆರೆಯಲಾಗುತ್ತಿದೆ. ಕೂಡಲೇ ನೀರಿನಿಂದ ದೂರ, ಎತ್ತರದ ಜಾಗಕ್ಕೆ ತೆರಳಿ."

ಓದಿದ ಕೂಡಲೇ ಟೀಚರ ಮನಸ್ಸಿನಲ್ಲಿ ಮೂಡಿದ್ದು ಹೆಮ್ಮೆ. ಇದು ನಮ್ಮ ಹುಡುಗಿಯ ಕಚೇರಿಯದು, ಅವಳ ಬೆರಳಿನದೇ ಇದ್ದರೂ ಇರಬಹುದು ಅಂದುಕೊಂಡರು. ಮೇಷ್ಟ್ರು "ಎಲ್ಲರೂ ಮಹಡಿಗೆ, ಸಾಲಾಗಿ, ಯಾರೂ ತಳ್ಳಬೇಡಿ" ಎಂದು ಕೂಗುತ್ತಿದ್ದರು, ಮಕ್ಕಳು ತಳ್ಳುತ್ತಿದ್ದರು. ಟೀಚರೂ ಇಬ್ಬರು ಪುಟ್ಟ ಹುಡುಗಿಯರ ಕೈ ಹಿಡಿದು ಮೆಟ್ಟಿಲ ತಿರುವಿನವರೆಗೆ ಹತ್ತಿದರು. ಅಲ್ಲಿ ಒಂದು ಕಿಟಕಿ. ಕಿಟಕಿಯಾಚೆ ಹಿನ್ನೀರು ಬಿಸಿಲಲ್ಲಿ ಹೊಳೆಯುತ್ತಾ ತನ್ನ ಪಾಡಿಗೆ ಬಿದ್ದುಕೊಂಡಿತ್ತು.

"ಏರ್ತಿದೆ ನೋಡಿ, ನೀರು ಏರ್ತಿದೆ," ಎಂದರು ಯಾರೋ ಹಿಂದಿನಿಂದ.

ಏರುತ್ತಿರಲಿಲ್ಲ. ಏರುವುದಾದರೂ ಹೇಗೆ? ಬಾಗಿಲು ತೆರೆದರೆ ಇಲ್ಲಿಯ ನೀರು ಇಳಿಯಬೇಕು. ಈ ಪೇಟೆ ಇರುವುದು ಅಣೆಕಟ್ಟಿನ ಬೆನ್ನ ಹಿಂದೆ, ನೀರು ತುಂಬಿ ನಿಂತ ಕಡೆ. ನದಿ ದಕ್ಷಿಣದ ಬೆಟ್ಟಗಳಲ್ಲಿ ಹುಟ್ಟಿ, ಇಲ್ಲಿ ನಿಂತು, ಅಣೆಕಟ್ಟು ದಾಟಿ ಉತ್ತರಕ್ಕೆ ಹೋಗುತ್ತದೆ. ಎಚ್ಚರಿಕೆ ಇಲ್ಲಿಗೆ ಯಾಕೆ ಬಂತು ಎಂದು ಅವರು ಒಂದು ಕ್ಷಣ ಸುಮ್ಮನೆ ಯೋಚಿಸಿದರು, ತಪ್ಪು ಲೆಕ್ಕದ ಮುಂದೆ ನಿಂತವರ ಹಾಗೆ. ಆಮೇಲೆ ಹೊಳೆಯಿತು. ಇಲ್ಲಿಗೆ ಬಂದಿದೆಯೆಂದರೆ ಅಲ್ಲಿಗೆ ಹೋಗಿಲ್ಲ.

ಹುಡುಗಿಯರ ಕೈ ಬಿಟ್ಟು ತಮ್ಮನ ನಂಬರು ಒತ್ತಿದರು. ರಿಂಗಾಯಿತು. ಚೆನ್ನಾಗಿಯೇ ರಿಂಗಾಯಿತು, ಕೊನೆಯವರೆಗೂ. ಗೂಟಕ್ಕೆ ನೇತುಬಿದ್ದ ಅಂಗಿಯ ಜೇಬಿನಲ್ಲಿ ಅದು ಬಡಿದುಕೊಳ್ಳುತ್ತಿರುವುದು ಅವರಿಗೆ ಕಣ್ಣಿಗೆ ಕಟ್ಟಿತು. ಮತ್ತೆ ಒತ್ತಿದರು. ಮತ್ತೆ ರಿಂಗಾಯಿತು. ತಮ್ಮನ ಹೆಂಡತಿಗೆ ಮಾಡಿದರೆ ಎಲ್ಲ ಮಾರ್ಗಗಳೂ ಕಾರ್ಯನಿರತವಾಗಿವೆ ಎಂಬ ಇಂಪಾದ ದನಿ. ಇಡೀ ಪೇಟೆ ತನ್ನ ನೆಂಟರಿಷ್ಟರಿಗೆಲ್ಲ ಫೋನು ಮಾಡುತ್ತಿತ್ತು, ಜೀವ ಉಳಿಯಿತು ಎಂದು ಹೇಳಲಿಕ್ಕೆ.

"ಮೇಡಂ, ದಾರೀಲಿ ನಿಲ್ಲಬೇಡಿ," ಎಂದರು ಗಣಿತದ ಮೇಷ್ಟ್ರು.

"ಸಾರ್, ಇದು ತಪ್ಪು ಜಾಗಕ್ಕೆ ಬಂದಿದೆ. ನಮಗೇನೂ ಆಗಲ್ಲ. ಅಣೆಕಟ್ಟಿನ ಆಚೆಯವರಿಗೆ ಹೇಳಬೇಕು, ಅವರಿಗೆ ಗೊತ್ತೇ ಇಲ್ಲ."

ಮೇಷ್ಟ್ರು ಒಳ್ಳೆಯವರು. ಅಷ್ಟು ಗಡಿಬಿಡಿಯಲ್ಲೂ ನಿಂತು, ತಮ್ಮ ಫೋನಿನಲ್ಲಿ ನಕ್ಷೆ ತೆರೆದು ತೋರಿಸಿದರು. "ನೋಡಿ ಇಲ್ಲಿ. ಇದು ಅಣೆಕಟ್ಟು. ಇಲ್ಲಿ ನಾವು, ಅದಕ್ಕಿಂತ ಕೆಳಗೆ. ನೀರು ಕೆಳಗೇ ಬರಬೇಕಲ್ಲ?"

"ಅದು ದಕ್ಷಿಣ ಸಾರ್. ನಕ್ಷೇಲಿ ದಕ್ಷಿಣನ ಕೆಳಗೆ ಬರೀತಾರೆ, ಅಷ್ಟೇ. ನೀರಿಗೆ ದಕ್ಷಿಣ ಗೊತ್ತಿಲ್ಲ, ಇಳಿಜಾರು ಗೊತ್ತು. ಈ ನದಿ ಉತ್ತರಕ್ಕೆ ಹರಿಯುತ್ತೆ."

"ಉತ್ತರಕ್ಕೆ?" ಮೇಷ್ಟ್ರು ಒಮ್ಮೆ ಫೋನು ನೋಡಿದರು, ಒಮ್ಮೆ ಅವರ ಮುಖ ನೋಡಿದರು. ಭಯಪಟ್ಟವರನ್ನು ನೋಡುವ ಹಾಗೆ ಮೆತ್ತಗೆ ನಕ್ಕರು. "ನದಿ ಎಲ್ಲಾದ್ರೂ ಉತ್ತರಕ್ಕೆ ಹರಿಯುತ್ತಾ ಮೇಡಂ? ಬನ್ನಿ, ಮೇಲೆ ಹೋಗೋಣ."

ಹೆಡ್‌ಮೇಷ್ಟ್ರು ಮೇಲಿನಿಂದ ಇಣುಕಿದರು. ಗೋಳವನ್ನು ಎದೆಗೆ ಅವುಚಿಕೊಂಡು ತಂದಿದ್ದರು, ಯಾಕೆಂದು ಅವರಿಗೇ ಗೊತ್ತಿದ್ದಂತಿರಲಿಲ್ಲ. ಟೀಚರು ಅವರಿಗೂ ಹೇಳಿದರು. "ಮೇಡಂ, ಇದು ಪಾಠ ಮಾಡೋ ಹೊತ್ತಲ್ಲ," ಎಂದರು ಅವರು. ಕೋಪವಿರಲಿಲ್ಲ ಆ ಮಾತಿನಲ್ಲಿ. ಇಪ್ಪತ್ತು ಚಿಲ್ಲರೆ ವರ್ಷಗಳಲ್ಲಿ ಪಾಠ ಮಾಡುವ ಹೊತ್ತು ಯಾವತ್ತು ಬಂದಿತ್ತು ಎಂದು ಟೀಚರಿಗೆ ಕೇಳಬೇಕೆನಿಸಿತು. ಕೇಳಿ ಪ್ರಯೋಜನವಿರಲಿಲ್ಲ. ಮೇಲಿನ ವಿಜ್ಞಾನದ ಕೋಣೆಗೆ ಹೋಗಿ, ಗಾಜಿನ ಬೀರುವಿನ ಪಕ್ಕ ಗೋಡೆಗೆ ಮುಖ ಮಾಡಿ ನಿಂತು, ಒಂದು ಕಿವಿ ಮುಚ್ಚಿಕೊಂಡು ಮಗಳಿಗೆ ಫೋನು ಹಚ್ಚಿದರು. ಬಿಜಿ. ಮತ್ತೆ ಬಿಜಿ. ಅಣೆಕಟ್ಟಿನ ಆಫೀಸಿಗೂ ಬಿಜಿ.

ಫೋನು ತಾನಾಗಿ ಬಡಿದುಕೊಂಡಿತು. ಮಗಳೇ.

"ಅಮ್ಮ, ಮೇಲಕ್ಕೆ ಹೋದ್ಯಾ? ಯಾವಾಗಿಂದ ಮಾಡ್ತಿದೀನಿ ಗೊತ್ತಾ. ಮೊಟ್ಟಮೊದಲು ನಿಮ್ಮೂರನ್ನೇ ಸೇರಿಸಿದೆ. ಬೆಟ್ಟದ ಕಡೆ ಸಿಕ್ಕಾಪಟ್ಟೆ ಮಳೆಯಂತೆ, ಒಂದೇ ಸಲಕ್ಕೆ ಎಲ್ಲಾ ಬಾಗಿಲೂ ತೆಗೆದ್ರಂತೆ. ಪುಣ್ಯಕ್ಕೆ ಮಾವನ ಊರು ಅಣೆಕಟ್ಟಿಂದ ಮೇಲಿದೆ. ಅವರದೊಂದು ಚಿಂತೆ ಇಲ್ಲ."

ಮಗಳ ದನಿಯಲ್ಲಿ ಅಷ್ಟು ಸಮಾಧಾನವಿತ್ತು.

"ಗೆರೆ ಯಾವ ಕಡೆ ಎಳೆದೆ?" ಎಂದು ಟೀಚರು ಕೇಳಿದರು.

"ಅಣೆಕಟ್ಟಿಂದ ಕೆಳಗೆ. ಸಮುದ್ರದ ಕಡೆಗೆ."

"ನಿನ್ನ ಸ್ಕ್ರೀನಲ್ಲಿ ಸಮುದ್ರ ಕಾಣುತ್ತಾ?"

"ಇಲ್ಲ, ಇದರಲ್ಲಿ ಬರೀ ಚುಕ್ಕಿ. ಆದ್ರೆ ಸಮುದ್ರ ಕೆಳಗಡೆ ತಾನೆ ಇರೋದು? ಪುಸ್ತಕದಲ್ಲಿ ಎಲ್ಲಾ ನದೀನೂ ಕೆಳಗೆ ಹೋಗಿ ಸಮುದ್ರ ಸೇರುತ್ತೆ. ನಮ್ಮ ಸಾರೂ ನೋಡಿ ಸರಿ ಅಂದ್ರು."

"ಈ ನದಿ ಹಾಗೆ ಹೋಗಲ್ಲ ಪುಟ್ಟಿ. ಇದು ಮೊದಲು ಉತ್ತರಕ್ಕೆ ಹೋಗಿ ದೊಡ್ಡ ಹೊಳೆ ಸೇರುತ್ತೆ. ಅದು ಸುತ್ತಿ ಬಳಸಿ ಆಮೇಲೆ ಎಲ್ಲೋ ಸಮುದ್ರ ಸೇರುತ್ತೆ." ಅವರು ಆದಷ್ಟು ನಿಧಾನವಾಗಿ, ತರಗತಿಯಲ್ಲಿ ಹೇಳುವ ಹಾಗೇ ಹೇಳಿದರು. "ನಾನು ನೀರಿನ ಹಿಂದಿದೀನಿ. ಮಾವ ನೀರಿನ ಮುಂದಿದಾನೆ. ಈಗ ಹೊಳೆ ಮಧ್ಯ ನಿಂತು ಜಮಖಾನ ಒಗೀತಿದಾನೆ."

ಆ ಕಡೆಯಿಂದ ಕಚೇರಿಯ ಸದ್ದು ಮಾತ್ರ ಕೇಳುತ್ತಿತ್ತು. ಯಾರೋ ಕುರ್ಚಿ ಎಳೆದರು, ಯಾರೋ ಏನಕ್ಕೋ ನಕ್ಕರು.

"ಇಲ್ಲ ಅಮ್ಮ," ಎಂದಳು ಮಗಳು ಸಣ್ಣಗೆ. ಚಿಕ್ಕವಳಿದ್ದಾಗ ಗಾಯ ತೋರಿಸದೆ ಹೇಳುತ್ತಿದ್ದ ಅದೇ 'ಇಲ್ಲ'.

"ಈಗಲೇ ಇನ್ನೊಂದು ಕಳಿಸು. ಉತ್ತರದ ಕಡೆಗೆ."

"ಸಾರ್ ಒಪ್ಪಬೇಕು. ಇರು, ಅವರಿಗೆ ಕೊಡ್ತೀನಿ."

ಒಬ್ಬ ಗಂಡಸಿನ ದನಿ ಬಂತು. ಮಗಳ ಅಧಿಕಾರಿ, ಅವನೂ ಹುಡುಗನೇ ಇರಬೇಕು. "ಹೇಳಿ ಅಮ್ಮಾ. ನೀವು ಇಂಜಿನಿಯರಾ?"

"ಅಲ್ಲಪ್ಪ, ಟೀಚರು. ಭೂಗೋಳ."

"ಹಾಂ," ಎಂದ. ಆ 'ಹಾಂ' ಅವರಿಗೆ ಹಳೆಯ ಪರಿಚಯ. "ಅಮ್ಮಾ, ಒಂದು ಸಲ ಕಳಿಸಿದ ಎಚ್ಚರಿಕೇನ ಹಾಗೆಲ್ಲ ವಾಪಸ್ ತಗೊಳ್ಳಕ್ಕಾಗಲ್ಲ. ಜನ ಮುಂದೆ ನಮ್ಮ ಮಾತೇ ನಂಬಲ್ಲ."

"ವಾಪಸ್ ಬೇಡಪ್ಪ. ಇನ್ನೊಂದು ಕಳಿಸಿ ಅಷ್ಟೇ. ನನ್ನ ಮಾತು ತಪ್ಪಾದ್ರೆ ನಾಲ್ಕೂರಿನೋರು ಸುಮ್ಮನೆ ಗುಡ್ಡ ಹತ್ತಿ ಇಳೀತಾರೆ. ಸರಿಯಾದ್ರೆ ಏನಾಗುತ್ತೆ ಯೋಚನೆ ಮಾಡಿ. ಬಾಗಿಲ ಹತ್ತಿರ ಇರೋರಿಗೆ ಫೋನ್ ಮಾಡಿ ಕೇಳಿ, ನೀರು ಹೋಗೋ ಕಡೆ ಮುಖ ಮಾಡಿದ್ರೆ ಬಿಸಿಲು ಯಾವ ಕೆನ್ನೆಗೆ ಬೀಳ್ತಿದೆ ಅಂತ. ಈ ಹೊತ್ತಲ್ಲಿ ಎಡಗೆನ್ನೆಗೆ ಬಿದ್ರೆ ಅದು ಉತ್ತರ."

ಅವನಿಗೆ ಕೆನ್ನೆಯ ಲೆಕ್ಕ ತಲೆಗೆ ಹೋಗಲಿಲ್ಲ. ಆದರೆ ದನಿಯಲ್ಲಿ ಏನೋ ಅಳುಕು ಬಂದಿತು. "ಮೇಲಿನವರನ್ನ ಒಂದು ಮಾತು ಕೇಳಿಬಿಡ್ತೀನಿ," ಎಂದು ಫೋನು ಇಟ್ಟುಬಿಟ್ಟ.

ಒಂದು ಮಾತು ಕೇಳಲು ಎಷ್ಟು ಹೊತ್ತು ಹಿಡಿಯುತ್ತದೆ? ಅಣೆಕಟ್ಟಿನಿಂದ ಮರಳುದಿಬ್ಬಕ್ಕೆ ನೀರು ಬರಲು ಅರ್ಧ ಗಂಟೆಯೂ ಬೇಡ. ನಡುವೆ ಗುಡ್ಡ ಅಡ್ಡ, ಅಣೆಕಟ್ಟಿನ ಸೈರನ್ನು ಅಲ್ಲಿಗೆ ಕೇಳಿಸುವುದಿಲ್ಲ. ಟೀಚರು ಹುಚ್ಚರ ಹಾಗೆ ತಮ್ಮನ ಹೆಂಡತಿಯ ನಂಬರನ್ನೇ ಒತ್ತುತ್ತಾ ನಿಂತರು. ಪಕ್ಕದಲ್ಲಿ ಒಬ್ಬಳು ಪುಟ್ಟ ಹುಡುಗಿ ಅಳುತ್ತಾ ಅವರ ಸೆರಗು ಹಿಡಿದಿದ್ದಳು. "ನಿನಗೇನೂ ಆಗಲ್ಲ ಕಣೆ, ನಿಜವಾಗಿ ಆಗಲ್ಲ" ಎಂದರು. ಆ ಕೋಣೆಯಲ್ಲಿ ಅಷ್ಟು ಖಾತ್ರಿಯಾಗಿ ಅದನ್ನು ಹೇಳಬಲ್ಲವರು ಅವರೊಬ್ಬರೇ ಆಗಿದ್ದರು, ಅದು ಯಾರಿಗೂ ಬೇಕಾಗಿರಲಿಲ್ಲ.

ಕೊನೆಗೂ ಲೈನು ಹತ್ತಿತು.

"ಹೇಳಿ ಅಕ್ಕ," ಎಂದಳು ತಮ್ಮನ ಹೆಂಡತಿ. ಹಿಂದೆ ರೇಡಿಯೋ ಹಾಡುತ್ತಿತ್ತು.

"ಅವನೆಲ್ಲಿ?"

"ಹೊಳೇಲಿ. ಊಟಕ್ಕೆ ಬನ್ನಿ ಅಂತ ಈಗ ತಾನೆ ಕೂಗಿ ಬಂದೆ. ಬರಲ್ಲ ಅಂತಾರೆ, ಇವರದು ಯಾವಾಗಲೂ ಇದೇ..."

"ನೀರು ಬಿಟ್ಟಿದಾರೆ ಕಣೆ. ಅಣೆಕಟ್ಟಿಂದ ನೀರು ಬರ್ತಿದೆ. ಓಡು. ಫೋನ್ ಇಡಬೇಡ, ಓಡು."

ಅವಳು ಏನೂ ಕೇಳಲಿಲ್ಲ, ಪುಣ್ಯಾತಗಿತ್ತಿ. ಬಾಗಿಲು ಬಡಿದ ಸದ್ದಾಯಿತು, ರೇಡಿಯೋ ಹಿಂದಾಯಿತು. ಆಮೇಲೆ ಉಸಿರು, ಬರೀ ಉಸಿರು. ಕಲ್ಲಿನ ಮೇಲೆ ಚಪ್ಪಲಿ, ಚಪ್ಪಲಿ ಬಿಟ್ಟ ಮೇಲೆ ಮರಳು. ಟೀಚರು ಆ ದಾರಿಯನ್ನು ಬಲ್ಲರು. ಮನೆಯ ಹಿಂದಿನ ಬೇಲಿ, ಮುರಿದ ಗಾಡಿ, ಇಳಿಜಾರು, ದಡ. ಅವಳ ಜೊತೆ ತಾವೂ ಓಡುತ್ತಿದ್ದರು, ಬೀರುವಿನ ಪಕ್ಕ ನಿಂತಲ್ಲೇ.

"ರೀ," ಎಂದು ಕೂಗಿದಳು ಅವಳು. "ರೀ, ಬನ್ನಿ." ಆಮೇಲೆ ಫೋನಿಗೆ, "ನೋಡಿದ್ರು ಅಕ್ಕ. ಕೈ ಬೀಸಿದ್ರು."

"ಬರ್ತಿದಾನಾ?" ಎಂದರು ಟೀಚರು.

"ಇಲ್ಲ. ಜಮಖಾನದ ಮೇಲೆ ಬಗ್ಗಿದಾರೆ. ಊಟಕ್ಕೆ ಕರೀತಿದೀನಿ ಅಂದ್ಕೊಂಡಿದಾರೆ. ಒಂದು ಬೆರಳು ತೋರಿಸ್ತಿದಾರೆ, ಇದೊಂದು ಮುಗಿಸಿ ಬರ್ತೀನಿ ಅಂತ. ರೀ, ನೀರು ಬರ್ತಿದೆ, ಬಿಟ್ಟು ಬನ್ನಿ. ಕೇಳಿಸ್ತಿಲ್ಲ ಅಕ್ಕ ಅವರಿಗೆ. ನಗ್ತಿದಾರೆ." ಮತ್ತೆ ಉಸಿರು. "ಅಕ್ಕ, ಅದೇನು ಸದ್ದು?"

ಟೀಚರಿಗೂ ಕೇಳಿಸಿತು. ಮೊದಲು ದೂರದಲ್ಲಿ ಲಾರಿ ಬಂದ ಹಾಗೆ. ಆಮೇಲೆ ಲಾರಿಯ ಹಾಗೆ ಇರಲಿಲ್ಲ.

"ರೀ," ಎಂದಳು ಅವಳು. "ರೀ. ರೀ."

ಮೂರನೆಯ 'ರೀ' ಅರ್ಧಕ್ಕೆ ಮುಳುಗಿತು. ಆಮೇಲೆ ನೀರಿನ ಸದ್ದೊಂದೇ. ಎಷ್ಟು ಹೊತ್ತೋ. ಟೀಚರು ಫೋನನ್ನು ಕಿವಿಗೆ ಒತ್ತಿ ಹಿಡಿದಿದ್ದರು. ಆ ಫೋನಿನ ಮೂಲಕ ಕೈ ಚಾಚಲು ಆಗುವಂತಿದ್ದರೆ ಚಾಚುತ್ತಿದ್ದರು. ಏನೂ ಮಾಡಲಾಗಲಿಲ್ಲ. ಕೇಳುವುದೊಂದೇ ಅವರ ಪಾಲಿಗೆ ಉಳಿದದ್ದು.

"ನೀನು ಹಿಂದಕ್ಕೆ ಹೋಗು," ಎಂದರು. "ದಡ ಬಿಟ್ಟು ಮೇಲಕ್ಕೆ ಹೋಗು."

"ಜಮಖಾನ ಕಾಣ್ತಿದೆ ಅಕ್ಕ," ಎಂದಳು ತಮ್ಮನ ಹೆಂಡತಿ. ದನಿ ಬೇರೆ ಯಾರದೋ ಆಗಿತ್ತು. "ತೇಲಿ ಹೋಗ್ತಿದೆ. ಅವರು ಕಾಣ್ತಿಲ್ಲ."

ಅಷ್ಟರಲ್ಲಿ ಅವಳ ಕೈಯಲ್ಲಿದ್ದ ಫೋನು ಆಂಬುಲೆನ್ಸಿನ ಹಾಗೆ ಕಿರುಚಿತು, ಟೀಚರ ಕಿವಿಯಲ್ಲೇ. ಸರಿಯಾದ ಎಚ್ಚರಿಕೆ ಸರಿಯಾದ ಊರಿಗೆ ಬಂದು ಮುಟ್ಟಿತ್ತು. ಲೈನು ಕಡಿದುಹೋಯಿತು.

ವಿಜ್ಞಾನದ ಕೋಣೆಯಲ್ಲಿ ಯಾರೋ ಮಕ್ಕಳಿಗೆ ಬಿಸ್ಕತ್ತು ಹಂಚುತ್ತಿದ್ದರು. ಗಣಿತದ ಮೇಷ್ಟ್ರು ಬಂದು, "ಮೇಡಂ, ಕೂತ್ಕೊಳ್ಳಿ, ಮುಖ ಬಿಳಿಚಿಕೊಂಡಿದೆ. ನೀರು ಇನ್ನೂ ಬಂದಿಲ್ಲ, ಹೆದರಬೇಡಿ," ಎಂದು ಸ್ಟೂಲು ಕೊಟ್ಟರು. ಟೀಚರು ಕೂತರು. ತಮ್ಮನಿಗೆ ಈಜು ಬರುತ್ತದೆ ಎಂದುಕೊಂಡರು. ಮೊಣಕಾಲುದ್ದ ನೀರಿನಲ್ಲಿ ಇಡೀ ಜೀವಮಾನ ಕಳೆದವನ ಈಜು ಎಂಥದೆಂದೂ ಅವರಿಗೆ ಗೊತ್ತಿತ್ತು.

ಫೋನು ಮತ್ತೆ ಬಡಿದುಕೊಂಡಿತು. ಮಗಳು.

"ಅಮ್ಮ, ಕಳಿಸಿದ್ವಿ. ನೀನು ಹೇಳಿದ್ದೇ ಸರಿ, ಬಾಗಿಲ ಹತ್ತಿರದೋರೂ ಹಾಗೇ ಅಂದ್ರು. ಮಾವನ ನಂಬರ್ ಹಾಕಿ ನೋಡಿದೆ ನಾನು. ಮೆಸೇಜ್ ತಲುಪಿದೆ ಅಂತ ಹಸಿರು ಗುರುತು ಬಂದಿದೆ. ತಲುಪಿದೆ ಅಮ್ಮ." ಅವಳು ಅಳುತ್ತಲೂ ನಗುತ್ತಲೂ ಇದ್ದಳು. "ಅವರು ಮೇಲಕ್ಕೆ ಹೋದ್ರು ತಾನೆ? ನಿಂಗೆ ಫೋನ್ ಮಾಡಿದ್ರಾ?"

ಟೀಚರು ಬಾಯಿ ತೆರೆದರು.

"ಅಮ್ಮ, ಒಂದು ನಿಮಿಷ, ಅದನ್ನ ಆಮೇಲೆ ಹೇಳು. ಸಾರ್ ಹೇಳ್ತಿದಾರೆ, ಮುಂದಿನ ಊರುಗಳನ್ನ ನಿಮ್ಮಮ್ಮನ್ನೇ ಕೇಳಿಬಿಡು ಅಂತ. ಮಾವನ ಊರಿನವರೆಗೆ ಮಾತ್ರ ಕಳಿಸಿದೀವಿ. ಅಲ್ಲಿಂದ ಮುಂದೆ ನದಿ ಎತ್ತ ಹೋಗುತ್ತೆ ಅಂತ ಇಲ್ಲಿ ಯಾರಿಗೂ ಗೊತ್ತಿಲ್ಲ. ಫೋನಿನ ನಕ್ಷೇಲಿ ಮೂರು ನೀಲಿ ಗೆರೆ ಕಾಣ್ತಿದೆ, ಯಾವುದು ನಮ್ಮದು ಗೊತ್ತಾಗ್ತಿಲ್ಲ. ಇನ್ನೊಂದು ಸಲ ತಪ್ಪು ಮಾಡಕ್ಕಾಗಲ್ಲ ನನ್ನ ಕೈಲಿ. ನೀನು ಹೇಳ್ತಾ ಹೋಗು, ನಾನು ಗೆರೆ ಎಳೀತೀನಿ."

ಈಗ ಹೇಳಿದರೆ ಆ ಬೆರಳು ಗೆರೆ ಎಳೆಯುವುದಿಲ್ಲ. ಅದು ಅವರಿಗೆ ನೀರಿನ ದಾರಿಯಷ್ಟೇ ಸ್ಪಷ್ಟವಾಗಿ ಗೊತ್ತಾಯಿತು. ತಮ್ಮನ ಊರಿನಾಚೆ ಇಟ್ಟಿಗೆ ಗೂಡಿನವರಿದ್ದಾರೆ, ಅದರಾಚೆ ತಗ್ಗಿನ ಸೇತುವೆ, ಅದರಾಚೆ ಹೊಳೆಯಲ್ಲಿ ಲಾರಿ ತೊಳೆಯುವ ಹುಡುಗರು. ಅವರ ಅಕ್ಕಂದಿರೂ ಎಲ್ಲೋ ಇರುತ್ತಾರೆ. ಟೀಚರು ಸೆರಗಿನಿಂದ ಬಾಯಿ ಒತ್ತಿ ಹಿಡಿದು, ಬಿಟ್ಟರು.

"ನಿನ್ನ ಬೆರಳು ಈಗ ಎಲ್ಲಿದೆ?"

"ಮಾವನ ಊರ ಮೇಲೆ."

"ಅಲ್ಲಿಂದ ನದಿ ಪೂರ್ವಕ್ಕೆ ತಿರುಗುತ್ತೆ."

"ಪೂರ್ವ ಅಂದ್ರೆ ಸ್ಕ್ರೀನಲ್ಲಿ ಯಾವ ಕಡೆ? ನನ್ನ ಬಲಗಡೆಗಾ?"

"ನಿನ್ನ ಬಲಗಡೆಗೆ. ಮೊದಲು ಒಂದು ಇಟ್ಟಿಗೆ ಗೂಡಿನ ಊರು ಬರುತ್ತೆ. ಸಿಕ್ತಾ?"

"ಸಿಕ್ತು. ಕಳಿಸಿದೆ. ಆಮೇಲೆ?"

"ಆಮೇಲೆ ಮತ್ತೆ ಉತ್ತರಕ್ಕೆ ಏರಿಸು ಬೆರಳನ್ನ. ಸೇತುವೆ ಇರೋ ಊರು. ಅದರ ಎರಡು ದಡಾನೂ ಸೇರಿಸು, ಒಂದೇ ದಡ ಹಿಡಿದು ಹೋಗಬೇಡ."

"ಸೇರಿಸಿದೆ. ಅಮ್ಮ, ನಿನ್ನ ದನಿ ಯಾಕೆ ಹಾಗಿದೆ?"

"ಇಲ್ಲಿ ಮಕ್ಕಳ ಗಲಾಟೆ. ಮುಂದೆ ನೋಡು."

ಮಗಳು ಸೊರ್ರೆಂದು ಮೂಗು ಎಳೆದುಕೊಂಡಳು. ಚಿಕ್ಕಂದಿನಲ್ಲೂ ಅಷ್ಟೇ, ತಪ್ಪು ಮಾಡಿದ ಮೇಲೆ ಬಹಳ ಶ್ರದ್ಧೆಯಿಂದ ಕೆಲಸ ಮಾಡುತ್ತಿದ್ದಳು. "ಅಮ್ಮ, ಸಾಯಂಕಾಲ ಮಾವಂಗೆ ನಾನೇ ಫೋನ್ ಮಾಡಿ ಹೇಳ್ತೀನಿ, ತಪ್ಪು ನಂದೇ ಅಂತ. ಬೈತಾರೆ ಅಲ್ವಾ? ಬೈಲಿ."

"ಹೇಳೀಯಂತೆ," ಎಂದರು ಟೀಚರು. "ಸೇತುವೆ ದಾಟಿದ ಮೇಲೆ ಮುಂದಿನ ಊರು ಯಾವುದು ಕಾಣ್ತಿದೆ, ಓದು."